ಮಣ್ಣು ನೋಡಿ ಟೈರ್ ಹಾಕುವವರ ಜೊತೆ

ಅಮೆರಿಕದ ಪೆನ್ಸಿಲ್ವೇನಿಯಾದ ವಿಲಿಯಮ್ಸ್ ಗ್ರೋವ್ ಸ್ಪೀಡ್‌ವೇ ಅಂದರೆ ಮಣ್ಣಿನ ಮೇಲೆ ಕಾರು ರೇಸ್ ನಡೆಯುವ ಟ್ರ್ಯಾಕ್. ಅಲ್ಲಿ ಶುಕ್ರವಾರದ ರೇಸ್ ಸಂಜೆಗೆ. ಆದರೆ ಟ್ರ್ಯಾಕಿನ ಕೆಲಸ ಅದಕ್ಕೂ ಎಷ್ಟೋ ಹೊತ್ತು ಮುಂಚೆ ಶುರುವಾಗಿರುತ್ತದೆ. ಮಣ್ಣನ್ನು ಕೆದಕಬೇಕು, ನೀರು ಕುಡಿಸಬೇಕು, ಮೇಲೆ ಭಾರ ಓಡಿಸಿ ಗಟ್ಟಿ ಮಾಡಬೇಕು. ನೀರಿನ ಲಾರಿ ನಿಧಾನಕ್ಕೆ ಸುತ್ತು ಹಾಕುತ್ತಲೇ ಇರುತ್ತದೆ. ನೀರು ಕಮ್ಮಿಯಾದರೆ ಎರಡನೇ ಹೀಟ್, ಅಂದರೆ ಮುಖ್ಯ ರೇಸಿಗೆ ಆರಿಸುವ ಸಣ್ಣ ರೇಸ್ ಹೊತ್ತಿಗೇ ಧೂಳು ಏಳುತ್ತದೆ. ಜಾಸ್ತಿಯಾದರೆ ಕಾರುಗಳು ಹೆಂಟೆ ಹೆಂಟೆಯಾಗಿ ಮಣ್ಣು ಕಿತ್ತು ಎಸೆಯುತ್ತವೆ, ತಿರುವಿನಲ್ಲಿ ಗುಂಡಿ ಬೀಳುತ್ತದೆ. ಬಿಸಿಲು ಎಷ್ಟಿದೆ, ಗಾಳಿ ಎಷ್ಟಿದೆ, ಮೋಡ ಬರುತ್ತದಾ, ಎಲ್ಲ ನೋಡಿಕೊಂಡು ನೀರು ಹಾಕುವ ಆ ಮನುಷ್ಯನೇ ನನ್ನ ಪಾಲಿಗೆ ಅವತ್ತಿನ ರೇಸಿನ ಮೊದಲ ಆಟಗಾರ.

ಡಾಂಬರಿನ ಟ್ರ್ಯಾಕ್ ಬೆಳಿಗ್ಗೆ ಹೇಗಿತ್ತೋ ರಾತ್ರಿಯೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಮಣ್ಣಿನ ಟ್ರ್ಯಾಕ್ ಒಂದೊಂದು ಸುತ್ತಿಗೂ ಬದಲಾಗುತ್ತದೆ. ಏಳು ಗಂಟೆಗೆ ಗೆಲ್ಲಿಸಿದ ದಾರಿ ಒಂಬತ್ತು ಗಂಟೆಗೆ ಸೋಲಿಸುತ್ತದೆ. ಇಷ್ಟು ವರ್ಷ ನಾನು ಈ ಆಟವನ್ನು ಬಿಡದೆ ಹಿಡಿದಿರುವುದು ಇದೊಂದಕ್ಕೇ.

ನಾನು ದಾವಣಗೆರೆ ಕಡೆಯವನು. ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಪೆನ್ಸಿಲ್ವೇನಿಯಾದ ಮೆಕ್ಯಾನಿಕ್ಸ್‌ಬರ್ಗ್‌ಗೆ ಬಂದು ಇಲ್ಲೇ ನೆಲೆಸಿದೆ. ಪಕ್ಕದ ಹ್ಯಾರಿಸ್‌ಬರ್ಗ್ ಈ ರಾಜ್ಯದ ರಾಜಧಾನಿ. ಸರ್ಕಾರಿ ಕಚೇರಿಗಳ ಪ್ರಾಜೆಕ್ಟ್‌ಗಳಿಗೆ ಬಂದ ನಮ್ಮ ಕಡೆಯ ಜನ ಇಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಶುಕ್ರವಾರ ರಾತ್ರಿ ದೂರದಿಂದ ಕೇಳುವ ಆ ಗುಡುಗಿನ ಸದ್ದು ಏನು ಅಂತ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬರು ಒಂದು ಸಲ ಕರೆದುಕೊಂಡು ಹೋದರು. ಆಮೇಲೆ ಯಾರೂ ಕರೆಯಬೇಕಾಗಲಿಲ್ಲ.

ಇಲ್ಲಿ ಓಡುವುದು ಸ್ಪ್ರಿಂಟ್ ಕಾರ್. ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ತಲೆಯ ಮೇಲಿನ ದೊಡ್ಡ ರೆಕ್ಕೆ. ಐದು ಅಡಿಗೆ ಐದು ಅಡಿ. ಗಾಳಿ ಅದನ್ನು ಒತ್ತಿದಷ್ಟೂ ಕಾರು ನೆಲಕ್ಕೆ ಕಚ್ಚಿಕೊಳ್ಳುತ್ತದೆ. ದೊಡ್ಡ ವರ್ಗದ ಎಂಜಿನ್ 410 ಘನ ಅಂಗುಲ, ಅಂದರೆ ಸುಮಾರು 6.7 ಲೀಟರ್. ಶಕ್ತಿ 900 ಅಶ್ವಶಕ್ತಿಯ ಆಸುಪಾಸು. ಚಾಲಕನೂ ಸೇರಿ ಇಡೀ ಕಾರಿನ ತೂಕ ಸುಮಾರು 650 ಕಿಲೋ. ಸ್ಟಾರ್ಟರ್ ಇಲ್ಲ, ಕ್ಲಚ್ ಇಲ್ಲ, ನಮ್ಮ ಕಾರುಗಳಲ್ಲಿರುವಂಥ ಗೇರ್‌ಬಾಕ್ಸೂ ಇಲ್ಲ. ಹಿಂದಿನಿಂದ ಒಂದು ಟ್ರಕ್ ತಳ್ಳಬೇಕು. ಚಕ್ರ ತಿರುಗಿ, ಎಂಜಿನ್ ತಿರುಗಿ, ಆಯಿಲ್ ಒತ್ತಡ ಏರಿದ ಮೇಲೆ ಚಾಲಕ ಸ್ವಿಚ್ ಹಾಕುತ್ತಾನೆ. ಆಗ ಬರುವ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಇಂಧನ ಮೆಥನಾಲ್. ಅದರ ಹೊಗೆಗೆ ಕಣ್ಣು ಚುರುಗುಟ್ಟುತ್ತದೆ, ಮೂಗಿಗೆ ಒಂದು ವಿಚಿತ್ರ ವಾಸನೆ ಅಡರುತ್ತದೆ. ಆ ವಾಸನೆ ಬಂದರೆ ಈಗಲೂ ನನ್ನ ನಡಿಗೆ ಜೋರಾಗುತ್ತದೆ.

ಟ್ರ್ಯಾಕ್ ಅರ್ಧ ಮೈಲಿ. ಉದ್ದ ನೇರ ದಾರಿಗಳು, ಬಿಗಿಯಾದ ತಿರುವುಗಳು. ದೊಡ್ಡ ಕಾರುಗಳು ಒಂದು ಸುತ್ತನ್ನು ಹದಿನಾರು, ಹದಿನೇಳು ಸೆಕೆಂಡಿನಲ್ಲಿ ಮುಗಿಸುತ್ತವೆ. ತಿರುವಿಗೆ ಬರುವಾಗ ಕಾರು ಅಡ್ಡಡ್ಡ ಜಾರುತ್ತದೆ. ಎಡಕ್ಕೆ ತಿರುಗುತ್ತಿರುವ ಕಾರಿನ ಮುಂದಿನ ಚಕ್ರಗಳು ಬಲಕ್ಕೆ ನೋಡುತ್ತಿರುತ್ತವೆ. ಚಾಲಕ ಆಕ್ಸಿಲರೇಟರ್‌ನಿಂದಲೇ ಹಿಂಬದಿಯನ್ನು ತಿರುಗಿಸುತ್ತಿರುತ್ತಾನೆ. ಇಂಥ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಒಟ್ಟಿಗೆ ತಿರುವಿಗೆ ನುಗ್ಗುವುದನ್ನು ಒಂದು ಸಲ ಹತ್ತಿರದಿಂದ ನೋಡಿ. ಟಿವಿಯಲ್ಲಿ ಅದರ ಕಾಲು ಭಾಗವೂ ಕಾಣುವುದಿಲ್ಲ.

ಈ ವಿಲಿಯಮ್ಸ್ ಗ್ರೋವ್ 1939ರಲ್ಲಿ ಶುರುವಾದದ್ದು. ಶನಿವಾರಕ್ಕೆ ಲಿಂಕನ್ ಸ್ಪೀಡ್‌ವೇ ಇದೆ, ಪೋರ್ಟ್ ರಾಯಲ್ ಇದೆ. ಎಲ್ಲ ಒಂದು ಗಂಟೆ ಆಸುಪಾಸಿನ ದಾರಿ. ಪೋರ್ಟ್ ರಾಯಲ್ ಟ್ರ್ಯಾಕ್ ಇರುವುದು ಜೂನಿಯಾಟಾ ಕೌಂಟಿಯ ಜಾತ್ರೆ ಮೈದಾನದಲ್ಲಿ. ಅಮೆರಿಕದ ಹಳ್ಳಿಗಾಡಿನಲ್ಲಿ ಹೀಗೆ ಜಾತ್ರೆ ಮೈದಾನದ ಟ್ರ್ಯಾಕ್‌ಗಳು ಎಷ್ಟೋ ಇವೆ. ಕುದುರೆ ಓಡುತ್ತಿದ್ದ ಸುತ್ತಿನಲ್ಲಿ ಕಾರು ಓಡಿತು, ಅಷ್ಟೇ. ಅಯೋವಾದ ನಾಕ್ಸ್‌ವಿಲ್ ಕೂಡ ಜಾತ್ರೆ ಮೈದಾನವೇ. ಅಲ್ಲಿ 1961ರಿಂದ ನಡೆಯುವ ನಾಕ್ಸ್‌ವಿಲ್ ನ್ಯಾಷನಲ್ಸ್ ಈ ಆಟದ ಅತಿ ದೊಡ್ಡ ರೇಸ್. ಸ್ಟೀವ್ ಕಿನ್ಸರ್ ಅದನ್ನು 12 ಸಲ ಗೆದ್ದರು. ಡಾನಿ ಶಾಟ್ಜ್ 11 ಸಲ.

ಗ್ರಾಂಡ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು ಲ್ಯಾಂಗ್‌ಹಾರ್ನ್ ಕಥೆ ಹೇಳುತ್ತಿದ್ದರು. ಫಿಲಡೆಲ್ಫಿಯಾ ಹತ್ತಿರ 1926ರಲ್ಲಿ ಕಟ್ಟಿದ ಒಂದು ಮೈಲಿಯ ಮಣ್ಣಿನ ಟ್ರ್ಯಾಕ್. ನೇರ ದಾರಿಯೇ ಇಲ್ಲ, ಇಡೀ ಟ್ರ್ಯಾಕ್ ಒಂದು ವೃತ್ತ. ಚಾಲಕರಿಗೆ ಒಂದು ಕ್ಷಣವೂ ಕೈ ಸಡಿಲ ಬಿಡಲು ಜಾಗ ಇರಲಿಲ್ಲ. 1965ರಲ್ಲಿ ಅದಕ್ಕೆ ಡಾಂಬರು ಹಾಕಿದರು, 1971ರಲ್ಲಿ ಮುಚ್ಚಿದರು. ಈಗ ಆ ಜಾಗದಲ್ಲಿ ಅಂಗಡಿಗಳಿವೆ. "ಡಾಂಬರು ಹಾಕಿದ ದಿನವೇ ಅದು ಸತ್ತಿತ್ತು" ಅನ್ನುತ್ತಿದ್ದರು ಅವರು. ನನಗೂ ಹಾಗೇ ಅನ್ನಿಸುತ್ತದೆ.

ವರ್ಷಗಟ್ಟಲೆ ಹೀಗೆ ಬೆಂಚಿನ ಮೇಲೆ ಕೂತು ನೋಡಿದೆ. ರೇಸ್ ಮುಗಿದ ಮೇಲೆ ಪಿಟ್‌ಗೆ, ಅಂದರೆ ತಂಡಗಳು ಕಾರು ನಿಲ್ಲಿಸಿಕೊಂಡು ಕೆಲಸ ಮಾಡುವ ಜಾಗಕ್ಕೆ ಹೋಗಿ ಕಾರು ನೋಡುವುದು, ಚಾಲಕರ ಜೊತೆ ಎರಡು ಮಾತಾಡುವುದು ಅಭ್ಯಾಸವಾಯಿತು. ಚಾಂಪಿಯನ್ ಕೂಡ ಬೆವರು ಒರೆಸಿಕೊಂಡು ಮಕ್ಕಳಿಗೆ ಸಹಿ ಹಾಕುತ್ತಾ ನಿಂತಿರುತ್ತಾನೆ. ಈ ಆಟದ ದೊಡ್ಡ ಸೊಗಸು ಅದು. ಹೀಗೇ ಒಂದು ರಾತ್ರಿ ಸಣ್ಣ ತಂಡವೊಂದರ ಮಾಲೀಕರ ಹತ್ತಿರ ಟೈರ್ ಬಗ್ಗೆ ಏನೇನೋ ಕೇಳುತ್ತಾ ನಿಂತೆ. ಅವರದು 358 ಘನ ಅಂಗುಲ ವರ್ಗದ ಕಾರು. ಎಂಜಿನ್ ಸ್ವಲ್ಪ ಚಿಕ್ಕದು, ಖರ್ಚೂ ಕಮ್ಮಿ. ಹಗಲು ಟ್ರ್ಯಾಕ್ಟರ್ ರಿಪೇರಿ ಮಾಡುವವರು. ಕಾರು ಓಡಿಸುವುದು ಅವರ ಮಗ. ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಕೊನೆಗೆ ಅವರು ಒಂದೇ ಪ್ರಶ್ನೆ ಕೇಳಿದರು: "ಭಾನುವಾರ ಬೆಳಿಗ್ಗೆ ಬಿಡುವಿದೆಯಾ?"

ಭಾನುವಾರದ ಕೆಲಸ ಕಾರು ತೊಳೆಯುವುದು. ಹೊಸಬರಿಗೆಲ್ಲ ಮೊದಲು ಸಿಗುವುದು ಇದೇ ಕೆಲಸ. ಇದು ಮನೆ ಮುಂದೆ ಕಾರಿಗೆ ನೀರು ಹಾಕಿದ ಹಾಗಲ್ಲ. ಶನಿವಾರ ರಾತ್ರಿಯ ಮಣ್ಣು ಪೈಪುಗಳ ಸಂದಿಗೆಲ್ಲ ಸೇರಿ ಒಣಗಿ ಇಟ್ಟಿಗೆಯಾಗಿರುತ್ತದೆ. ಮೊದಲು ಹಲಗೆಯಂಥ ತುಂಡಿನಿಂದ ಕೆರೆಯಬೇಕು. ಆಮೇಲೆ ಒತ್ತಡದ ನೀರು. ರೆಕ್ಕೆ ಬಿಚ್ಚಿ, ಚಕ್ರ ಬಿಚ್ಚಿ, ಸೀಟಿನ ಅಡಿಗೂ ಕೈ ಹಾಕಿ ತೊಳೆಯಬೇಕು. ತೊಳೆದಾದ ಮೇಲೆ ಒಣ ಬಟ್ಟೆ ಹಿಡಿದು ಕಾರಿನ ಪಂಜರದ ಪ್ರತಿ ಪೈಪನ್ನೂ ಒರೆಸುತ್ತಾ ಬರಬೇಕು. ಬಟ್ಟೆಯ ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ನಿಲ್ಲಬೇಕು. ವೆಲ್ಡಿಂಗ್ ಬಿಟ್ಟಿರಬಹುದು, ಕೂದಲೆಳೆಯಷ್ಟು ಸೀಳು ಇರಬಹುದು. ಮಣ್ಣಿನಡಿ ಅದು ಕಾಣುವುದಿಲ್ಲ. ಆ ಹುಡುಗನ ಜೀವ ಆ ಪೈಪುಗಳ ಮೇಲಿದೆ ಅಂತ ಮಾಲೀಕರು ಬಾಯಿಬಿಟ್ಟು ಹೇಳಲಿಲ್ಲ. ಅವರು ಒರೆಸುವ ರೀತಿ ನೋಡಿದರೆ ಸಾಕಿತ್ತು.

ಆಮೇಲೆ ಮೆಥನಾಲ್. ಅದನ್ನು ಟ್ಯಾಂಕಿನಲ್ಲಿ ಬಿಟ್ಟರೆ ಗಾಳಿಯ ತೇವ ಹೀರಿಕೊಂಡು ಪಂಪು, ನಳಿಕೆ ಎಲ್ಲವನ್ನೂ ತಿನ್ನುತ್ತದೆ. ಅದಕ್ಕೇ ಪೂರ್ತಿ ಬಸಿದು, ಇಂಧನದ ದಾರಿಗೆ ಎಣ್ಣೆಯಂಥ ದ್ರವ ಹಾಯಿಸಿ ಇಡುತ್ತಾರೆ. ಕೈಗವಸು ಇಲ್ಲದೆ ಮುಟ್ಟುವ ಹಾಗಿಲ್ಲ. ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಇನ್ನೊಂದು ಅಪಾಯ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬೇಕು. ಪುಣ್ಯಕ್ಕೆ ನೀರಿನಲ್ಲಿ ಬೆರೆಯುವುದರಿಂದ ನೀರಿಗೇ ಆರುತ್ತದೆ. ಅದಕ್ಕೇ ಪ್ರತಿ ಪಿಟ್‌ನಲ್ಲೂ ನೀರಿನ ಬಕೆಟ್ ತುಂಬಿಟ್ಟಿರುತ್ತಾರೆ.

ವಾರದ ಮಧ್ಯೆ ಸಂಜೆ ಹೊತ್ತು ಆಯಿಲ್ ಬದಲಾಯಿಸುವುದು, ವಾಲ್ವ್ ಸಂದು ಅಳೆಯುವುದು. ಇವೆಲ್ಲ ಗೊತ್ತಿದ್ದವರ ಕೆಲಸ. ನಾನು ದೀಪ ಹಿಡಿಯುತ್ತಿದ್ದೆ, ಸ್ಪ್ಯಾನರ್ ಕೊಡುತ್ತಿದ್ದೆ. ನನಗೆ ಕೈ ಕೂಡಿದ್ದು ಟೈರ್ ಕೆಲಸದಲ್ಲಿ. ಹಿಂದಿನ ಎರಡು ಟೈರ್ ಒಂದೇ ಅಳತೆ ಇರುವುದಿಲ್ಲ. ಬಲಗಡೆಯದು ದೊಡ್ಡದು, ಎಡಗಡೆಯದು ಚಿಕ್ಕದು. ಎಡಕ್ಕೆ ಮಾತ್ರ ತಿರುಗುವ ಕಾರು ತಾನಾಗಿಯೇ ಎಡಕ್ಕೆ ವಾಲಲಿ ಅಂತ. ಪ್ರತಿ ಟೈರಿಗೂ ಗಾಳಿ ತುಂಬಿ, ಟೇಪ್ ಸುತ್ತಿ ಸುತ್ತಳತೆ ನೋಡಿ, ಸೀಮೆಸುಣ್ಣದಲ್ಲಿ ಬರೆದು ಸಾಲಾಗಿ ಇಡಬೇಕು. ಎರಡರ ವ್ಯತ್ಯಾಸಕ್ಕೆ ಸ್ಟ್ಯಾಗರ್ ಅನ್ನುತ್ತಾರೆ. ಯಾವ ಎಡಕ್ಕೆ ಯಾವ ಬಲ ಜೋಡಿ ಅನ್ನುವುದರ ಮೇಲೆ ಕಾರಿನ ಅರ್ಧ ಸ್ವಭಾವ ನಿಂತಿರುತ್ತದೆ. ಗಾಳಿ ತುಂಬಾ ಕಮ್ಮಿ. ನಮ್ಮ ಕಾರಿಗೆ ಮೂವತ್ತು ಚಿಲ್ಲರೆ ಪಿಎಸ್‌ಐ ಹಾಕುತ್ತೇವಲ್ಲ, ಇಲ್ಲಿ ಹತ್ತರ ಆಸುಪಾಸು. ಅರ್ಧ ಪಿಎಸ್‌ಐ ವ್ಯತ್ಯಾಸಕ್ಕೂ ಚಾಲಕ ಬಂದು ದೂರು ಹೇಳುತ್ತಾನೆ!

ಟೈರಿನ ಮೈಮೇಲೆ ಬಿಸಿ ಬ್ಲೇಡಿನಿಂದ ಗೀರು ಕೊರೆಯುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಸುಟ್ಟ ರಬ್ಬರಿನ ವಾಸನೆ ಗ್ಯಾರೇಜ್ ತುಂಬಾ. ಸಣ್ಣ ಗೀರುಗಳಿದ್ದರೆ ರಬ್ಬರ್ ಬೇಗ ಬಿಸಿಯೇರಿ ಹಿಡಿತಕ್ಕೆ ಬರುತ್ತದೆ. ಅಗಲದ ಕಾಲುವೆಗಳು ಬಿಸಿಯನ್ನು ಹೊರಗೆ ಬಿಡುತ್ತವೆ. ಎಷ್ಟು ಆಳ, ಎಷ್ಟು ಹತ್ತಿರ ಅನ್ನುವುದು ಅವತ್ತಿನ ಮಣ್ಣು ಹೇಗಿರುತ್ತದೆ ಅನ್ನುವ ಊಹೆ. ಬುಧವಾರವೇ ಶುಕ್ರವಾರದ ಮಣ್ಣನ್ನು ಊಹಿಸಬೇಕು. ಹವಾಮಾನ ವರದಿಯನ್ನು ಇಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವುದಕ್ಕೂ ಓದಿದವನಲ್ಲ.

ರೇಸ್ ದಿನ ಪಿಟ್ ಗೇಟಿನಲ್ಲಿ ದುಡ್ಡು ಕಟ್ಟಿ, ಏನಾದರೂ ಆದರೆ ನಾನೇ ಹೊಣೆ ಅಂತ ಕಾಗದಕ್ಕೆ ಸಹಿ ಹಾಕಿ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋಗುವುದು. ಟ್ರೇಲರ್ ಇಳಿಸಿದ ಕೂಡಲೇ ಮಾಲೀಕರು ಟ್ರ್ಯಾಕ್ ಕಡೆಗೆ ನಡೆಯುತ್ತಾರೆ. ನಾನೂ ಹಿಂದೆ. ಅವರು ಬಗ್ಗಿ ಹೆಬ್ಬೆರಳಿನಿಂದ ಮಣ್ಣು ಒತ್ತುತ್ತಾರೆ. ಗುರುತು ಉಳಿಯಿತಾ, ಮಣ್ಣು ಬೆರಳಿಗೆ ಅಂಟಿತಾ, ಅಂಚು ಬಿರಿಯಿತಾ. ನಮ್ಮಪ್ಪ ಬಿತ್ತನೆಗೆ ಮುಂಚೆ ಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ನಿಲ್ಲುತ್ತದಾ ಅಂತ ನೋಡುತ್ತಿದ್ದದ್ದೂ ಹೀಗೇ. ಹದ ಸಿಕ್ಕರೆ ಇಬ್ಬರ ಮುಖದಲ್ಲೂ ಒಂದೇ ಥರದ ಗೆಲುವು.

ಒಂದು ಜುಲೈ ರಾತ್ರಿಯದು ಹೇಳುತ್ತೇನೆ. ಮಧ್ಯಾಹ್ನ ಮೋಡ ಇತ್ತು, ಸಂಜೆಗೆ ಬಿಸಿಲು ಬಂತು. ಹಾಟ್ ಲ್ಯಾಪ್, ಅಂದರೆ ಅಭ್ಯಾಸದ ಸುತ್ತುಗಳಲ್ಲಿ ಮಣ್ಣು ಜಿಗುಟಾಗಿತ್ತು. ಕಾರುಗಳು ಆಕ್ಸಿಲರೇಟರ್ ಬಿಡದೆಯೇ ತಿರುವು ದಾಟುತ್ತಿದ್ದವು. ಹೀಟ್ ರೇಸಿನಲ್ಲಿ ನಮ್ಮ ಹುಡುಗ ನಾಲ್ಕನೆಯವನಾಗಿ ಬಂದ. ಅಷ್ಟು ಸಾಕು, ಫೀಚರ್‌ಗೆ, ಅಂದರೆ ಆ ರಾತ್ರಿಯ ಮುಖ್ಯ ರೇಸಿಗೆ ನೇರ ಪ್ರವೇಶ. ಬರದಿದ್ದವರು ಬಿ ಮೇನ್ ಓಡಿ, ಅದರಲ್ಲಿ ಮುಂದೆ ಬಂದರೆ ಮಾತ್ರ ಕೊನೆಯ ಸಾಲುಗಳಲ್ಲಿ ಜಾಗ. ನನಗೆ ಬಿ ಮೇನ್ ನೋಡುವುದೆಂದರೆ ಬಲು ಇಷ್ಟ. ಅಲ್ಲಿ ಹಿಂದೆ ಬಿದ್ದವನಿಗೆ ಆ ರಾತ್ರಿ ಅಲ್ಲಿಗೇ ಮುಗಿಯಿತು. ಹಾಗಾಗಿ ಯಾರೂ ಕಾಯುವುದಿಲ್ಲ.

ಕಾರು ಬಂದ ಕೂಡಲೇ ಎಲ್ಲರೂ ಮೈಮೇಲೆ ಬಿದ್ದು ಮಣ್ಣು ಕೆರೆಯುತ್ತೇವೆ. ರೆಕ್ಕೆಯಡಿ, ಚಕ್ರದೊಳಗೆ, ಬಂಪರಿನ ಹಿಂದೆ. ಮೆತ್ತಿದ ಮಣ್ಣಿನ ತೂಕವೇ ಕಾರನ್ನು ನಿಧಾನ ಮಾಡುತ್ತದೆ. ಚಾಲಕನ ಹೆಲ್ಮೆಟ್ಟಿಗೆ ಹೊಸ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಮಣ್ಣು ಬಿದ್ದು ಕಣ್ಣು ಮಂಜಾದಾಗ ಓಡುತ್ತಲೇ ಒಂದೊಂದಾಗಿ ಕಿತ್ತೆಸೆಯುತ್ತಾನೆ.

ಅಷ್ಟರಲ್ಲಿ ಟ್ರ್ಯಾಕ್ ಬದಲಾಗಿತ್ತು. ಒಳಗಿನ ದಾರಿ ಒಣಗಿ ಕಪ್ಪಗೆ ಹೊಳೆಯುತ್ತಿತ್ತು. ಹೊಳೆದರೆ ಹಿಡಿತ ಇಲ್ಲ ಅಂತ ಅರ್ಥ. ಕಿತ್ತ ಮಣ್ಣೆಲ್ಲ ಹೊರಗಿನ ಗೋಡೆ ಕಡೆ ಒಡ್ಡಿನ ಹಾಗೆ ಗುಡ್ಡೆಯಾಗಿತ್ತು. ಇದಕ್ಕೆ ಕುಶನ್ ಅನ್ನುತ್ತಾರೆ. ಬಲಗಡೆಯ ಹಿಂದಿನ ಟೈರನ್ನು ಅದಕ್ಕೆ ಒರಗಿಸಿ ಓಡಿಸಿದರೆ ರಾಕೆಟ್ ವೇಗ. ಒಂದಡಿ ಆಚೆ ಹೋದರೆ ಗೋಡೆ. ಮಾಲೀಕರು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ನಿಂತರು. ಆಮೇಲೆ ಒಂದರ ಹಿಂದೊಂದು ಹೇಳುತ್ತಾ ಹೋದರು. ಹಿಂದಿನ ಆಕ್ಸಲಿನ ಮುಚ್ಚಳ ಬಿಚ್ಚಿ ಎರಡು ಗೇರು ಬದಲಾಯಿಸಿ, ಚಕ್ರ ಸುಮ್ಮನೆ ತಿರುಗುವುದು ಕಮ್ಮಿಯಾಗಲಿ. ರೆಕ್ಕೆ ಇನ್ನೂ ಸ್ವಲ್ಪ ಕಡಿದಾಗಿ ನಿಲ್ಲಲಿ. ಬಲಕ್ಕೆ ಗಟ್ಟಿ ರಬ್ಬರಿನ ಟೈರ್. "ಕೊನೆಯಲ್ಲಿ ಕೆಳಗಿನ ದಾರಿ ವಾಪಸ್ ಬರುತ್ತದೆ" ಅಂದರು. ಕೆಳಗಿನದು ಅಂದರೆ ಒಳಗಿನ ದಾರಿ, ಅದಕ್ಕೆ ಮತ್ತೆ ಹಿಡಿತ ಬರುತ್ತದೆ ಅಂತ. ಬಿಸಿಲು ಹೋದ ಮೇಲೆ ಮಣ್ಣಿನ ಒಳಗಿನ ತೇವ ಮೇಲಕ್ಕೆ ಬರುವುದುಂಟು. ಅದನ್ನು ನಂಬಿ ಅವರು ಅಷ್ಟು ಮಾಡಿದರು.

ಫೀಚರ್‌ನಲ್ಲಿ ನಾವು ಹಿಂದಿನ ಸಾಲುಗಳಿಂದ ಹೊರಟೆವು. ಟ್ರ್ಯಾಕಿನ ಒಳಭಾಗದಲ್ಲಿ ನಿಂತು ಚಾಲಕನಿಗೆ ಕೈಸನ್ನೆ ಮಾಡುವವರ ಪಕ್ಕ ನಾನು. ಹಿಂದಿನವನು ಎಷ್ಟು ಹತ್ತಿರ, ಯಾವ ದಾರಿಯಲ್ಲಿ ಬರುತ್ತಿದ್ದಾನೆ ಅನ್ನುವುದನ್ನು ಎರಡು ಕೈಗಳ ಅಂತರದಲ್ಲಿ ತೋರಿಸುತ್ತಾರೆ. ಅರ್ಧ ರೇಸ್ ತನಕ ಹುಡುಗ ಎಲ್ಲರ ಹಾಗೆ ಮೇಲಿನ ಒಡ್ಡಿನ ಮೇಲೇ ಓಡಿಸಿದ. ನಿಧಾನ ಮಾಡಿ ಅನ್ನುವ ಹಳದಿ ಬಾವುಟ ಬಂದು ಕಾರುಗಳು ಗುಂಪಾದವು. ಮತ್ತೆ ಹಸಿರು. ಆಗ ಅವನು ಮೂರನೇ ತಿರುವಿಗೆ ಒಳಗಿನಿಂದ ನುಗ್ಗಿ, ಜಾರುತ್ತಾ ಜಾರುತ್ತಾ ಮುಂದಿನವನ ಮೂಗಿನೆದುರಿಗೇ ಮೇಲಕ್ಕೆ ಹೋದ. ಇದೇ ಸ್ಲೈಡ್ ಜಾಬ್. ಸಿಟ್ಟು ಬಂದ ಮುಂದಿನವನು ಕೆಳಗಿನಿಂದ ಕತ್ತರಿಸಿ ವಾಪಸ್ ಬಂದ. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಎರಡು ಸುತ್ತಿನಲ್ಲಿ ನಾಲ್ಕು ಸಲ ಜಾಗ ಅದಲು ಬದಲು! ಗ್ರಾಂಡ್‌ಸ್ಟ್ಯಾಂಡಿನ ಜನರೆಲ್ಲ ಎದ್ದು ನಿಂತಿದ್ದರು. ಅಷ್ಟು ಸದ್ದಿನಲ್ಲೂ ಅವರ ಕೂಗು ಕೇಳಿಸಿತು.

ಕೆಳಗಿನ ದಾರಿ ಬಂತು. ಆದರೆ ತಡವಾಗಿ ಬಂತು. ಕೊನೆಯ ಕೆಲವು ಸುತ್ತುಗಳಲ್ಲಿ ಹುಡುಗ ಒಳಗಿನಿಂದ ಒಬ್ಬೊಬ್ಬರನ್ನೇ ದಾಟಿ ಐದನೆಯವನಾಗಿ ಮುಗಿಸಿದ. "ಇನ್ನು ಮೂರು ಸುತ್ತು ಇದ್ದಿದ್ದರೆ" ಅಂದರು ಮಾಲೀಕರು. ಬೇರೆ ಏನೂ ಅನ್ನಲಿಲ್ಲ. ನನಗಂತೂ ಗೆದ್ದಷ್ಟೇ ಖುಷಿ. ಅವರು ಸಂಜೆ ಬೆರಳಿನಲ್ಲಿ ಒತ್ತಿ ನೋಡಿದ ಮಣ್ಣು, ಅವರು ಹೇಳಿದ ಹಾಗೇ ನಡೆದುಕೊಂಡಿತ್ತಲ್ಲ.

ವರ್ಲ್ಡ್ ಆಫ್ ಔಟ್‌ಲಾಸ್ ಬಂದಾಗ ಇಲ್ಲಿಯ ಜಾತ್ರೆಯೇ ಬೇರೆ. 1978ರಲ್ಲಿ ಟೆಡ್ ಜಾನ್ಸನ್ ಶುರು ಮಾಡಿದ ಸರಣಿ ಅದು. ದೇಶವೆಲ್ಲ ಸುತ್ತುವ ವೃತ್ತಿಪರರು. ಸ್ಟೀವ್ ಕಿನ್ಸರ್ 20 ಸಲ ಅದರ ಚಾಂಪಿಯನ್. ಅವರಿಗೆ ಎದುರು ನಮ್ಮ ಕಡೆಯ ಚಾಲಕರು. ಈ ಗುಂಪಿಗೆ ಪೆನ್ಸಿಲ್ವೇನಿಯಾ ಪೋಸಿ ಅನ್ನುತ್ತಾರೆ. ಫೀಚರ್‌ಗೆ ಮುಂಚೆ ನಾಲ್ಕು ನಾಲ್ಕು ಕಾರು ಅಗಲಕ್ಕೆ ಸಾಲುಗಟ್ಟಿ ಅಭಿಮಾನಿಗಳಿಗೆ ವಂದಿಸುತ್ತವೆ. ಆಗ ಮೈ ಜುಮ್ ಅನ್ನುತ್ತದೆ. ಆದರೂ ನನ್ನ ಮನಸ್ಸು ಇರುವುದು ಸಾಮಾನ್ಯ ಶುಕ್ರವಾರಗಳಲ್ಲಿ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು, ಗೆದ್ದ ದುಡ್ಡಿನಲ್ಲಿ ಮುಂದಿನ ವಾರದ ಟೈರ್ ಕೊಳ್ಳುವವರು ಓಡಿಸುವ ರೇಸ್ ಅದು. ಅವರಿಲ್ಲದಿದ್ದರೆ ಔಟ್‌ಲಾಸ್ ಬಂದು ಓಡಲು ಟ್ರ್ಯಾಕೇ ಉಳಿದಿರುತ್ತಿರಲಿಲ್ಲ.

ಅಪಾಯದ ಮಾತು ಬಿಟ್ಟು ಈ ಆಟವನ್ನು ಹೊಗಳಲು ನನ್ನಿಂದಾಗುವುದಿಲ್ಲ. 2018ರ ಜೂನ್‌ನಲ್ಲಿ ವಿಸ್ಕಾನ್ಸಿನ್‌ನ ಬೀವರ್ ಡ್ಯಾಮ್‌ನಲ್ಲಿ ಜೇಸನ್ ಜಾನ್ಸನ್ ಅಪಘಾತಕ್ಕೆ ಸಿಕ್ಕು ತೀರಿಕೊಂಡರು. ಎರಡು ವರ್ಷ ಹಿಂದಷ್ಟೇ ನಾಕ್ಸ್‌ವಿಲ್ ನ್ಯಾಷನಲ್ಸ್ ಗೆದ್ದಿದ್ದವರು. ಅದೇ ಸೆಪ್ಟೆಂಬರ್‌ನಲ್ಲಿ ಇಲ್ಲೇ ಹತ್ತಿರದ ಬ್ಯಾಪ್ಸ್ ಟ್ರ್ಯಾಕಿನಲ್ಲಿ ಗ್ರೆಗ್ ಹಾಡ್ನೆಟ್ ತೀರಿಹೋದರು. ಅವರು ನಮ್ಮವರು, ಪೋಸಿಯವರು. ವಾರವಾರ ಕಣ್ಣೆದುರು ಓಡುತ್ತಿದ್ದವರು. ಆ ಸುದ್ದಿ ಕೇಳಿ ನನ್ನ ಹೆಂಡತಿ "ಇನ್ನೂ ಹೋಗ್ತೀರಾ?" ಅಂತ ಕೇಳಿದಳು. ಹೋದೆ. ಅವರನ್ನು ನೆನೆಯಲು ಬಂದವರ ನಡುವೆ ನಿಲ್ಲಬೇಕು ಅನ್ನಿಸಿತ್ತು. ಪೈಪ್ ಒರೆಸುವಾಗ ನನ್ನ ಕೈ ನಿಧಾನವಾಗುವುದು ಇದಕ್ಕೇ. ಕುತ್ತಿಗೆಯ ರಕ್ಷಣೆ, ಸೀಟು, ಬೆಲ್ಟು ಇವುಗಳಲ್ಲಿ ದುಡ್ಡು ಉಳಿಸಲು ನೋಡುವ ತಂಡವನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರೆಕ್ಕೆಯ ಬಣ್ಣಕ್ಕೆ ಖರ್ಚು ಮಾಡುವ ಮೊದಲು ಅಲ್ಲಿ ಮಾಡಬೇಕು.

ಈಗ ನನ್ನ ಮಗಳೂ ಬರುತ್ತಾಳೆ. ಅವಳ ಕಣ್ಣು ನನಗಿಂತ ಚುರುಕು. "ಅಪ್ಪಾ, ಮೇಲಿನ ದಾರಿ ಮುಗೀತು, ಎಲ್ಲರೂ ಕೆಳಗೆ ಬರ್ತಾರೆ ನೋಡಿ" ಅಂತ ನನಗಿಂತ ಮುಂಚೆಯೇ ಹೇಳುತ್ತಾಳೆ. ಈ ಕಡೆಯ ಕನ್ನಡದ ಗೆಳೆಯರನ್ನೂ ಆಗಾಗ ಕರೆದುಕೊಂಡು ಹೋಗುತ್ತೇನೆ. ಹೊಸದಾಗಿ ಬರುವವರಿಗೆ ನಾನು ಹೇಳುವುದಿಷ್ಟು. ಮಕ್ಕಳ ಕಿವಿಗೆ ದೊಡ್ಡ ಮಫ್ ಹಾಕಿ, ದೊಡ್ಡವರು ಹತ್ತಿಯ ಬದಲು ಸರಿಯಾದ ಇಯರ್‌ಪ್ಲಗ್ ತನ್ನಿ. ಕಣ್ಣಿಗೆ ಕನ್ನಡಕ ಇರಲಿ. ಮುಂದಿನ ಸಾಲಿನ ಆಸೆ ಬಿಡಿ, ಅಲ್ಲಿ ಮಣ್ಣು ತಟ್ಟೆಗೇ ಬೀಳುತ್ತದೆ, ಟ್ರ್ಯಾಕೂ ಪೂರ್ತಿ ಕಾಣುವುದಿಲ್ಲ. ಎತ್ತರದಲ್ಲಿ, ನಾಲ್ಕನೇ ತಿರುವಿನ ಕಡೆಗೆ ಕೂತುಕೊಳ್ಳಿ. ಫೀಚರ್ ಹೊತ್ತಿಗೆ ಬಂದರಾಯಿತು ಅನ್ನಬೇಡಿ. ಹಾಟ್ ಲ್ಯಾಪ್‌ಗೇ ಬಂದು ಮಣ್ಣಿನ ಬಣ್ಣ ನೋಡಿಟ್ಟುಕೊಳ್ಳಿ, ಆಮೇಲೆ ಪ್ರತಿ ರೇಸಿಗೂ ಒಂದು ಸಲ ನೋಡಿ. ಶುಕ್ರವಾರ ಮಳೆ ಬಂದು ರದ್ದಾದರೆ ಬೇಜಾರು ಬೇಡ, ಶನಿವಾರ ಪೋರ್ಟ್ ರಾಯಲ್ ಇದ್ದೇ ಇದೆ. ಕಾರಿನಲ್ಲಿ ಜಾಗ ಇದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ.